ನಿಧಾನ ಓಡುವ ಪ್ರೋಗ್ರಾಂ ಇದ್ದರೆ ಕೊಡಿ

ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಕೋಡ್ ಆಗಿ ಬದಲಿಸುವ ಸಾಫ್ಟ್‌ವೇರ್) ಬರೆಯೋಕೆ ಜೊತೆಗಾರರು ಬೇಕು ಅಂತ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ: "ಅದಕ್ಕೆ ಬೆಂಗಳೂರಿಗೆ ಹೋಗಿ." ನಾನು ಹೋಗಲಿಲ್ಲ. ನಮಗೆ ಬೇಕಾದ ಜನ ಮೈಸೂರು ಮಂಡ್ಯದ ನಡುವೆಯೇ ಇದ್ದಾರೆ ಅನ್ನುವ ನಂಬಿಕೆ ಇತ್ತು. ಅವರು ಸಿಕ್ಕಿದ್ದು ಹೇಗೆ, ಬಂದ ಮೇಲೆ ಕೆಲಸ ಯಾವ ದಿಕ್ಕಿಗೆ ತಿರುಗಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗ ಆಗಬಹುದು.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹವಾಮಾನ, ಪ್ರವಾಹ, ಶಾಖ ಹರಡುವುದು, ಭೂಮಿಯ ಕಂಪನ, ಇವನ್ನೆಲ್ಲ ಲೆಕ್ಕ ಹಾಕುವ ಪ್ರೋಗ್ರಾಂಗಳಲ್ಲಿ ಬಹಳಷ್ಟು ಒಂದೇ ರೀತಿ ಇರುತ್ತವೆ. ಜಾಗವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿಕೊಳ್ಳುತ್ತವೆ. ಪ್ರತಿ ಚೌಕದ ಹೊಸ ಬೆಲೆಯನ್ನು ಅದರದ್ದೇ ಮತ್ತು ಅಕ್ಕಪಕ್ಕದ ಚೌಕಗಳ ಹಳೆಯ ಬೆಲೆಯಿಂದ ಕಂಡುಹಿಡಿಯುತ್ತವೆ. ಆಮೇಲೆ ಸಮಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ ಕೆಲಸ. ಇದಕ್ಕೆ ಸ್ಟೆನ್ಸಿಲ್ ಲೆಕ್ಕ ಅನ್ನುತ್ತಾರೆ. ಸೂತ್ರ ಚಿಕ್ಕದು, ಮಾಡಬೇಕಾದ ಸಲ ಕೋಟಿಗಟ್ಟಲೆ. ಇಲ್ಲಿ ಪ್ರಾಸೆಸರ್ ಲೆಕ್ಕ ಮಾಡುವುದಕ್ಕಿಂತ ಮೆಮೊರಿಯಿಂದ ಅಂಕಿ ಬರಲಿ ಅಂತ ಕಾಯುವುದೇ ಜಾಸ್ತಿ. ನಮ್ಮ ಕಂಪೈಲರ್ ಈ ಒಂದು ಜಾತಿಯ ಲೂಪ್‌ಗಳನ್ನು, ಅಂದರೆ ಮತ್ತೆ ಮತ್ತೆ ಓಡುವ ಭಾಗಗಳನ್ನು, ಮಾತ್ರ ತೆಗೆದುಕೊಳ್ಳುತ್ತದೆ. ಅವನ್ನು ಕ್ಯಾಶ್‌ಗೆ (ಪ್ರಾಸೆಸರ್ ಹತ್ತಿರದ ಚಿಕ್ಕ, ವೇಗದ ಮೆಮೊರಿ), ಕೋರ್‌ಗಳಿಗೆ (ಪ್ರಾಸೆಸರ್ ಒಳಗೆ ಒಟ್ಟಿಗೆ ಕೆಲಸ ಮಾಡುವ ಘಟಕಗಳು) ಒಗ್ಗುವ ಹಾಗೆ ಬೇರೆ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ.

ಶುರು ಮಾಡಿದ್ದು ನಾನು ಮತ್ತು ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬ ಸ್ನೇಹಿತರು. ಇಬ್ಬರೇ ಇಷ್ಟು ದೂರ ಬರೋಕೆ ಸಾಧ್ಯವಾಗಿದ್ದಕ್ಕೆ ಕಾರಣ ಎಲ್‌ಎಲ್‌ವಿಎಂ, ಕಂಪೈಲರ್ ಕಟ್ಟಲು ಬೇಕಾದ ಸಿದ್ಧ ಭಾಗಗಳ ಕಟ್ಟು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಶುರುವಾದ ಆ ಕೆಲಸ ಈಗ ಎಷ್ಟೋ ಕಂಪೈಲರ್‌ಗಳಿಗೆ ತಳಪಾಯ. ಅದರೊಳಗೆ 2019ರಲ್ಲಿ ಎಂಎಲ್‌ಐಆರ್ ಸೇರಿತು. ನಮ್ಮಂಥವರು ತಮ್ಮ ಲೆಕ್ಕದ ರೂಪವನ್ನು ಅದರಲ್ಲಿ ಬರೆದುಕೊಂಡರೆ ಸಾಕು, ಯಂತ್ರದ ಕೋಡ್ ಹೊರಡಿಸುವ ಕೊನೆಯ ಭಾಗ ಅಲ್ಲಿಂದಲೇ ಸಿಗುತ್ತದೆ. ಆದರೂ ಉಳಿಯುವ ಕೆಲಸ ಬೇಕಾದಷ್ಟು. ಇಬ್ಬರಿಂದ ಆಗುವುದಲ್ಲ.

ಯಾರನ್ನು ಹುಡುಕಬೇಕು ಅನ್ನುವ ವಿಷಯದಲ್ಲಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಕಂಪೈಲರ್ ಗೊತ್ತಿರುವವರನ್ನೇ ಹುಡುಕೋಣ ಅಂತ ಸ್ನೇಹಿತರ ಮಾತು. ಪ್ರೋಗ್ರಾಂ ಇಟ್ಟುಕೊಂಡು ಕಷ್ಟಪಡುತ್ತಿರುವವರನ್ನು ಮೊದಲು ಹುಡುಕೋಣ ಅಂತ ನನ್ನ ಮಾತು. ನಾನು ಹಾಗೆ ಹೇಳಲು ವಿಜ್ಞಾನದ ಲೆಕ್ಕಗಳಿಗೆ ಬಳಸುವ ಫೋರ್ಟ್ರಾನ್ ಭಾಷೆಯ ಕಥೆಯೇ ಕಾರಣ. ಜಾನ್ ಬ್ಯಾಕಸ್ ಅವರ ತಂಡ ಐಬಿಎಂನಲ್ಲಿ 1954ರಲ್ಲಿ ಅದನ್ನು ಶುರು ಮಾಡಿ 1957ರಲ್ಲಿ ಹೊರಗೆ ಬಿಟ್ಟಿತು. ಆ ಮೊದಲ ಕಂಪೈಲರ್‌ಗೆ ಹಿಡಿದ ಶ್ರಮ 18 ಮಂದಿ ಒಂದು ವರ್ಷ ದುಡಿದಷ್ಟು ಅಂತ ಲೆಕ್ಕ. ಅಷ್ಟು ಕಷ್ಟ ಯಾಕೆ? ಆಗಿನ ವಿಜ್ಞಾನಿಗಳು, ಎಂಜಿನಿಯರ್‌ಗಳು ತಮ್ಮ ಕೋಡನ್ನು ಕೈಯಲ್ಲೇ ಬರೆಯುತ್ತಿದ್ದರು. ಯಂತ್ರ ಬರೆದ ಕೋಡ್ ಅದಕ್ಕಿಂತ ನಿಧಾನವಾದರೆ ಯಾರೂ ಮುಟ್ಟುತ್ತಿರಲಿಲ್ಲ. ಅಂದರೆ ಆಪ್ಟಿಮೈಸ್ ಮಾಡುವ (ಕೋಡನ್ನು ವೇಗವಾಗಿ ಓಡುವ ಹಾಗೆ ತಿದ್ದುವ) ಕಂಪೈಲರ್ ಹುಟ್ಟಿದ್ದೇ ಬಳಸುವವರನ್ನು ಒಪ್ಪಿಸಲಿಕ್ಕೆ. ಬಳಸುವವರು ಮೊದಲ ದಿನದಿಂದ ಜೊತೆಗಿಲ್ಲದೆ ಅಂಥ ಕೆಲಸ ಮಾಡಬಾರದು ಅಂತ ನನಗೆ ಇವತ್ತಿಗೂ ಗಟ್ಟಿಯಾಗಿ ಅನ್ನಿಸುತ್ತದೆ.

ಹಾಗಾಗಿ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದೆ. "ನಿಮ್ಮ ಹತ್ತಿರ ನಿಧಾನವಾಗಿ ಓಡುವ ಪ್ರೋಗ್ರಾಂ ಇದೆಯಾ? ಅದರ ಒಂದು ಲೂಪ್ ಕೊಡಿ" ಅಂತ ಮೇಲೆ. ಕೆಳಗೆ ಏನು ಮಾಡುತ್ತಿದ್ದೇವೆ, ಏನು ಆಗುತ್ತದೆ, ಏನು ಇನ್ನೂ ಆಗುವುದಿಲ್ಲ, ಸಂಬಳ ಇಲ್ಲ, ಕೋಡ್ ಎಲ್ಲರದ್ದೂ. ಅದನ್ನು ಹಿಡಿದುಕೊಂಡು ಮಾನಸಗಂಗೋತ್ರಿ ಕಡೆಯಿಂದ ಶುರು ಮಾಡಿ ಊರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋದೆ. ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಮಾತ್ರ ಅಲ್ಲ. ಸಿವಿಲ್, ಮೆಕ್ಯಾನಿಕಲ್, ಭೌತಶಾಸ್ತ್ರ, ಎಲ್ಲಿ ಅಂಕಿ ಅರೆಯುತ್ತಾರೋ ಅಲ್ಲೆಲ್ಲ.

ಕಂಪ್ಯೂಟರ್ ಸೈನ್ಸ್ ಹುಡುಗರ ಮುಂದೆ ಲ್ಯಾಪ್‌ಟಾಪ್ ತೆರೆದು ಸಣ್ಣ ಪ್ರಯೋಗ ತೋರಿಸುತ್ತಿದ್ದೆ. ಸಿ ಭಾಷೆಯಲ್ಲಿ ಒಂದು ದೊಡ್ಡ ಮ್ಯಾಟ್ರಿಕ್ಸ್. ಅದರ ಅಂಕಿಗಳನ್ನೆಲ್ಲ ಕೂಡಿಸಬೇಕು. ಒಂದು ಸಲ ಅಡ್ಡಸಾಲು ಹಿಡಿದು, ಇನ್ನೊಂದು ಸಲ ಕಂಬಸಾಲು ಹಿಡಿದು. ಲೆಕ್ಕ ಅದೇ, ಕೂಡುವ ಸಲವೂ ಅಷ್ಟೇ. ಆದರೆ ಎರಡನೆಯದು ಎದ್ದುಕಾಣುವಷ್ಟು ನಿಧಾನ. ಸಿ ಭಾಷೆ ಮ್ಯಾಟ್ರಿಕ್ಸನ್ನು ಅಡ್ಡಸಾಲಾಗಿ ಮೆಮೊರಿಯಲ್ಲಿ ಇಡುತ್ತದೆ. ಪ್ರಾಸೆಸರ್ ಮೆಮೊರಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 64 ಬೈಟ್ ತರುತ್ತದೆ. 8 ಬೈಟಿನ ಅಂಕಿ ಆದರೆ 8 ಅಂಕಿಗಳು. ಸಾಲು ಹಿಡಿದು ಹೋದರೆ ಎಂಟೂ ಬಳಕೆಯಾಗುತ್ತವೆ. ಕಂಬ ಹಿಡಿದು ಹೋದರೆ ಒಂದನ್ನು ಬಳಸಿ ಏಳನ್ನು ಬಿಟ್ಟ ಹಾಗೆ. ಸಿಲಬಸ್‌ನಲ್ಲಿ ಕ್ಯಾಶ್ ಓದಿದವರೇ ಎಲ್ಲರೂ. ಕಣ್ಣೆದುರು ಅದು ಸಮಯವಾಗಿ ಕಂಡಾಗ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಿದ್ದರು.

ಎಲ್ಲ ಕಡೆ ಬಂದ ಪ್ರಶ್ನೆ ಒಂದು: "ಸಾರ್, ಜಿಸಿಸಿ ಇದೆಯಲ್ಲ, ಮತ್ತೆ ನಿಮ್ಮದು ಯಾಕೆ?" ಒಳ್ಳೆಯ ಪ್ರಶ್ನೆ. 1987ರಿಂದ ಇರುವ ಜಿಸಿಸಿ ಅನ್ನುವ ಕಂಪೈಲರ್ ಜಗತ್ತಿನ ಎಲ್ಲ ರೀತಿಯ ಪ್ರೋಗ್ರಾಂಗಳನ್ನೂ ತೆಗೆದುಕೊಳ್ಳಬೇಕು. ಒಂದನ್ನೂ ಕೆಡಿಸಬಾರದು. ಹಾಗಾಗಿ ಅನುಮಾನ ಬಂದ ಕಡೆ ಅದು ಕೈ ಹಾಕುವುದಿಲ್ಲ, ಹಾಕಲೂಬಾರದು. ಸಿ ಭಾಷೆಯಲ್ಲಿ ಎರಡು ಪಾಯಿಂಟರ್‌ಗಳು (ಮೆಮೊರಿಯ ಜಾಗವನ್ನು ತೋರಿಸುವ ವಿಳಾಸಗಳು) ಒಂದೇ ಜಾಗವನ್ನು ತೋರಿಸುತ್ತಿರಬಹುದು, ಆಗ ಕ್ರಮ ಬದಲಿಸಿದರೆ ಉತ್ತರ ಕೆಡಬಹುದು. ತೋರಿಸುತ್ತಿಲ್ಲ ಅಂತ ಬರೆಯುವವರು ಮಾತು ಕೊಡಲು 1999ರ ಸಿ ನಿಯಮದಲ್ಲಿ ರಿಸ್ಟ್ರಿಕ್ಟ್ ಅನ್ನುವ ಪದ ಬಂತು. ಅದನ್ನು ಬರೆಯುವವರು ಎಷ್ಟು ಜನ? ಜಿಸಿಸಿಯಲ್ಲಿ ಗ್ರಾಫೈಟ್, ಎಲ್‌ಎಲ್‌ವಿಎಂನಲ್ಲಿ ಪಾಲಿ ಅಂತ ಲೂಪ್‌ಗಳನ್ನು ಆಳವಾಗಿ ತಿರುಗಿಸಿ ನೋಡುವ ಭಾಗಗಳು ಇವೆ. ಆದರೆ ಸುಮ್ನೆ ಓ3 (ಜಾಸ್ತಿ ವೇಗ ಕೇಳುವ ಆಯ್ಕೆ) ಅಂತ ಕೊಟ್ಟರೆ ಅವು ಓಡುವುದಿಲ್ಲ, ಬೇರೆಯಾಗಿ ಕೇಳಬೇಕು. ನಮ್ಮದು ಸ್ಟೆನ್ಸಿಲ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲವಾದ್ದರಿಂದ, ಅದರೊಳಗೆ ಜಾಸ್ತಿ ಧೈರ್ಯ ಮಾಡಬಹುದು.

ಈ ದಾರಿ ಹೊಸದೇನಲ್ಲ. ಪಾಲಿಹೆಡ್ರಲ್ ವಿಧಾನ ಅಂತ ಹೆಸರು. ಲೂಪಿನ ಪ್ರತಿ ಸುತ್ತನ್ನೂ ಒಂದು ಬಿಂದು ಅಂತ ನೋಡಿ, ಯಾವ ಬಿಂದು ಯಾವುದನ್ನು ಅವಲಂಬಿಸಿದೆ ಅಂತ ಲೆಕ್ಕ ಹಾಕುವುದು. ಈ ವಿಷಯದಲ್ಲಿ ಎಲ್ಲರೂ ಓದುವ ಪ್ಲೂಟೊ ಕೆಲಸ 2008ರದ್ದು. ಅದನ್ನು ಮಾಡಿದ ಉದಯ್ ಬೊಂಧುಗುಲ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಅಲ್ಲೇ ಪಾಠ ಮಾಡುತ್ತಿದ್ದಾರೆ. ಇದನ್ನು ಹೇಳಿದಾಗ ಹುಡುಗರ ಮುಖವೇ ಬೇರೆಯಾಗುತ್ತಿತ್ತು. ಇಷ್ಟು ಹತ್ತಿರ ಇದೆಯಾ ಅನ್ನುವ ಹಾಗೆ.

ಬಂದ ಹುಡುಗರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದು ಇಂಟರ್ನ್‌ಶಿಪ್ ಸರ್ಟಿಫಿಕೇಟ್. ಅದರಲ್ಲಿ ತಪ್ಪೇನಿಲ್ಲ, ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿರುತ್ತದೆ. ನಾನು ಎಲ್ಲರಿಗೂ ಒಂದೊಂದು ಚಿಕ್ಕ ಕೆಲಸ ಕೊಟ್ಟೆ. ಒಂದು ಟೆಸ್ಟ್ ಬರೆಯುವುದು, ಒಂದು ಎರರ್ ಮೆಸೇಜ್ ಸರಿ ಮಾಡುವುದು, ಅಷ್ಟೇ. ತಾನಾಗಿ ಎರಡನೆಯ ಕೆಲಸ ಕೇಳಿಕೊಂಡು ಬಂದವರು ಕೆಲವರು. ಅವರಲ್ಲಿ ಮಳವಳ್ಳಿ ಕಡೆಯ ಒಬ್ಬ ಹುಡುಗ. ನಮ್ಮ ಕಂಪೈಲರ್ ಕೆಲವು ಲೂಪ್‌ಗಳನ್ನು ಒಪ್ಪುವುದಿಲ್ಲ. ಉದಾಹರಣೆಗೆ, ಒಂದು ಅರೇಯ (ಅಂಕಿಗಳ ಪಟ್ಟಿ) ಯಾವ ಜಾಗ ಬೇಕು ಅನ್ನುವುದು ಇನ್ನೊಂದು ಅರೇ ಒಳಗಿದ್ದರೆ, ಓಡುವ ಮೊದಲೇ ಅದನ್ನು ತಿಳಿಯಲಾಗದು. ಆಗ "ನಾನ್ ಅಫೈನ್ ಆಕ್ಸೆಸ್" ಅಂತ ಹೇಳಿ ನಿಲ್ಲುತ್ತಿತ್ತು. ಹುಡುಗ ಕೇಳಿದ: "ಸಾರ್, ಇದನ್ನ ಓದಿದ ಸಿವಿಲ್ ಮೇಷ್ಟ್ರು ಏನು ಮಾಡಬೇಕು?" ಅವನೇ ಅದನ್ನು ಬದಲಿಸಿದ. ಈಗ ಯಾವ ಸಾಲು, ಯಾವ ಅರೇ, ಯಾಕೆ ಆಗಲಿಲ್ಲ, ಏನು ಬದಲಿಸಿದರೆ ಆಗುತ್ತದೆ ಅಂತ ಬರುತ್ತದೆ. ಅವನನ್ನು ಅವತ್ತೇ ತಂಡಕ್ಕೆ ಸೇರಿಸಿಕೊಂಡೆವು.

ಒಂದು ಲ್ಯಾಬಿನ ಸಹಾಯಕರು ನನ್ನ ಹಾಳೆ ಓದಿ, "ಮಂಡ್ಯದಲ್ಲಿ ಒಬ್ಬರು ಮೇಷ್ಟ್ರಿದಾರೆ, ಸಿವಿಲ್‌ನೋರು, ರಿಟೈರ್ ಆಗಿದಾರೆ, ಈಗ್ಲೂ ಫೋರ್ಟ್ರಾನ್ ಬರೀತಾರೆ, ಅವರನ್ನ ನೋಡಿ" ಅಂದರು. ಫೋನ್ ಮಾಡಿ, ರೈಲು ಹತ್ತಿ ಹೋದೆ.

ಮೇಷ್ಟ್ರ ಪ್ರೋಗ್ರಾಂ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಫೋರ್ಟ್ರಾನ್ 77. ಏಳನೆಯ ಕಾಲಮ್ಮಿನಿಂದ ಕೋಡ್, 72ಕ್ಕೆ ನಿಲ್ಲಬೇಕು, ಮೊದಲ ಕಾಲಮ್ಮಿನಲ್ಲಿ ಸಿ ಅಂತಿದ್ದರೆ ಅದು ಟಿಪ್ಪಣಿ. ಅವರ ಟಿಪ್ಪಣಿಗಳು ಪಾಠದ ಹಾಗಿದ್ದವು. ಕನ್ನಂಬಾಡಿ ಕಟ್ಟೆಯಿಂದ ಇಷ್ಟು ಕ್ಯುಸೆಕ್ ನೀರು ನದಿಗೆ ಬಿಟ್ಟರೆ ರಂಗನತಿಟ್ಟು, ಶ್ರೀರಂಗಪಟ್ಟಣದ ಸುತ್ತ ಯಾವ ಜಮೀನಿಗೆ ಯಾವ ಹೊತ್ತಿಗೆ ಎಷ್ಟು ನೀರು ನುಗ್ಗುತ್ತದೆ ಅನ್ನುವ ಲೆಕ್ಕ. ಮಳೆ ಜೋರಾದ ವರ್ಷಗಳಲ್ಲಿ ವೆಲ್ಲೆಸ್ಲಿ ಸೇತುವೆ ಮೇಲೆ ನೀರು ಬರುವುದನ್ನು ಈ ಭಾಗದವರೆಲ್ಲ ನೋಡಿದ್ದೇವೆ, ಅಲ್ವಾ? ಅಂಥ ದಿನಗಳಲ್ಲಿ ಈ ಲೆಕ್ಕ ಬೇಗ ಸಿಗುವುದಕ್ಕೆ ಬೆಲೆ ಇದೆ.

"ಚೌಕದ ಅಳತೆ 50 ಮೀಟರ್ ಇಟ್ಕೊಂಡಿದೀನಿ," ಅಂದರು ಮೇಷ್ಟ್ರು. "25 ಮಾಡ್ಬೇಕು ಅಂತ ಆಸೆ. ಆದ್ರೆ ಆಗಲ್ಲ ಕಣಪ್ಪ."

ಯಾಕೆ ಆಗುವುದಿಲ್ಲ ಅನ್ನುವುದನ್ನು ಅವರೇ ಹಾಳೆ ಮೇಲೆ ಬರೆದು ತೋರಿಸಿದರು. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟು ಆಗುತ್ತವೆ. ಅಷ್ಟೇ ಅಲ್ಲ. ಇಂಥ ಲೆಕ್ಕದಲ್ಲಿ ಒಂದು ಸಮಯದ ಹೆಜ್ಜೆಯೊಳಗೆ ಅಲೆ ಒಂದು ಚೌಕವನ್ನು ದಾಟಿ ಹೋಗಬಾರದು, ಹೋದರೆ ಉತ್ತರವೇ ಕೆಟ್ಟುಹೋಗುತ್ತದೆ. ಹಾಗಾಗಿ ಚೌಕ ಅರ್ಧವಾದರೆ ಸಮಯದ ಹೆಜ್ಜೆಯೂ ಅರ್ಧವಾಗಬೇಕು. ನಾಲ್ಕು ಎರಡಲಿ ಎಂಟು. ಈಗಾಗಲೇ ರಾತ್ರಿ ಹಚ್ಚಿ ಬೆಳಿಗ್ಗೆ ನೋಡುವ ಪ್ರೋಗ್ರಾಂ ಎಂಟು ಪಟ್ಟು ಆದರೆ ಏನು ಮಾಡುವುದು?

ಅವರ ಮುಖ್ಯ ಲೂಪ್ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿತ್ತು, ಸರ್ವೆ ನಕ್ಷೆ ಓದುವ ಕ್ರಮದಲ್ಲೇ. ಫೋರ್ಟ್ರಾನ್ ಸಿ ಭಾಷೆಗೆ ಉಲ್ಟಾ, ಅರೇಯನ್ನು ಕಂಬಸಾಲಾಗಿ ಇಡುತ್ತದೆ. ಅವರ ಕ್ರಮದಲ್ಲಿ ಪ್ರತಿ ಹೆಜ್ಜೆಯೂ ಮೆಮೊರಿಯಲ್ಲಿ ದೂರದ ನೆಗೆತ. ಮನುಷ್ಯ ನಕ್ಷೆ ಓದುವ ಹಾಗೆ ಬರೆಯಲಿ, ಯಂತ್ರಕ್ಕೆ ಬೇಕಾದ ಕ್ರಮವನ್ನು ಕಂಪೈಲರ್ ನೋಡಿಕೊಳ್ಳಲಿ ಅನ್ನುವುದೇ ನನ್ನ ಅಭಿಪ್ರಾಯ. ಲೂಪಿನ ನಡುವೆ ಒಂದು ಸಬ್‌ರುಟೀನ್ (ಬೇರೆಯಾಗಿ ಬರೆದ ತುಂಡು ಪ್ರೋಗ್ರಾಂ) ಕರೆ ಇದ್ದುದರಿಂದ ಅವರು ಬಳಸುತ್ತಿದ್ದ ಕಂಪೈಲರ್ ಕ್ರಮ ಬದಲಿಸಲು ಹೋಗಿರಲಿಲ್ಲ.

ಕ್ರಮ ಬದಲಿಸುವುದು ಸುಲಭದ ಭಾಗ. ಹೆಚ್ಚಿನ ಲಾಭ ಇರುವುದು ಇನ್ನೊಂದರಲ್ಲಿ. ಪ್ರತಿ ಸಮಯದ ಹೆಜ್ಜೆಗೂ ಇಡೀ ನಕ್ಷೆಯನ್ನು ಮೆಮೊರಿಯಿಂದ ತಂದು ವಾಪಸ್ ಕಳಿಸುವ ಬದಲು, ಕ್ಯಾಶ್‌ನಲ್ಲಿ ಹಿಡಿಯುವಷ್ಟು ತುಂಡನ್ನು ತಂದು, ಅದರ ಮೇಲೆ ಹಲವು ಹೆಜ್ಜೆ ಒಟ್ಟಿಗೆ ಮುಗಿಸುವುದು. ತುಂಡಿನ ಅಂಚಿನ ಚೌಕಕ್ಕೆ ಪಕ್ಕದ ತುಂಡಿನ ಬೆಲೆ ಬೇಕಲ್ಲ, ಅದಕ್ಕೆ ತುಂಡನ್ನು ಸಮಯದ ಕಡೆಗೆ ಓರೆಯಾಗಿ ಕತ್ತರಿಸಬೇಕು. ನಾನು ವಿವರಿಸುತ್ತಿದ್ದಾಗ ಮೇಷ್ಟ್ರು ತಲೆಯಾಡಿಸಿ, "ಒಂದ್ ಮಡಿಗೆ ಇಳಿದ್ಮೇಲೆ ಅಲ್ಲಿ ಆಗೋಷ್ಟು ಕೆಲಸ ಎಲ್ಲ ಮುಗ್ಸಿ ಪಕ್ಕದ ಮಡಿಗೆ ಹೋಗೋದು" ಅಂದರು. ಅದಾದ ಮೇಲೆ ಹುಡುಗರಿಗೂ ನಾನು ಅದನ್ನೇ ಹೇಳುತ್ತೇನೆ.

ಫೈಲ್ ಕೊಡುವ ಮೊದಲು ಒಂದು ಮಾತು ಹೇಳಿದರು. "ವೇಗ ಆಮೇಲೆ. ಉತ್ತರ ಬದಲಾಗ್ಬಾರ್ದು ನೋಡಿ."

ಅವರ ಲೂಪ್ ನಮ್ಮ ಕಂಪೈಲರ್‌ನಲ್ಲಿ ಮೊದಲ ಸಲ ಪೂರ್ತಿ ಓಡಿದಾಗ ಸಮಯ ಚೆನ್ನಾಗಿಯೇ ಇಳಿಯಿತು. ಫಲಿತಾಂಶ ಕಳಿಸಿದೆ. ಸಂಜೆಯೇ ಫೋನ್ ಬಂತು. "ನೀರು ಎಲ್ಲಿಗೆ ಹೋಯ್ತು?"

ಅವರು ಪ್ರತಿ ಹೆಜ್ಜೆಯಲ್ಲೂ ನಕ್ಷೆ ಮೇಲಿರುವ ಒಟ್ಟು ನೀರನ್ನು ಕೂಡಿಸಿ ಬರೆಸುತ್ತಾರೆ. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು ತಾಳೆಯಾಗಬೇಕು. ನಮ್ಮ ಉತ್ತರದಲ್ಲಿ ಆ ಮೊತ್ತದ ಕೊನೆಯ ಕೆಲವು ಅಂಕೆಗಳು ಬೇರೆ ಬಂದಿದ್ದವು. ಅದೂ ಕೋರ್‌ಗಳ ಸಂಖ್ಯೆ ಬದಲಿಸಿದರೆ ಮತ್ತೆ ಬೇರೆ. ಕಾರಣ ಗೊತ್ತಿರುವಂಥದ್ದೇ. ಕಂಪ್ಯೂಟರ್ 8 ಬೈಟಿನ ದಶಮಾಂಶ ಅಂಕಿಯಲ್ಲಿ ಸುಮಾರು 16 ಅಂಕೆಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಉಳಿದದ್ದನ್ನು ಪ್ರತಿ ಸಲ ದುಂಡಾಗಿಸುತ್ತದೆ. 1ರ ಮುಂದೆ 16 ಸೊನ್ನೆ ಇರುವ ಸಂಖ್ಯೆಗೆ 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ 0 ಬರುತ್ತದೆ. ಮೊದಲು ದೊಡ್ಡದನ್ನು ಅದರಿಂದಲೇ ಕಳೆದು ಆಮೇಲೆ 1 ಕೂಡಿಸಿದರೆ 1. ಕೂಡುವ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಮೊತ್ತವನ್ನು ಕೋರ್‌ಗಳಿಗೆ ಹಂಚಿದಾಗ ಕ್ರಮ ಬದಲಾಗಿತ್ತು.

ನನ್ನ ಸ್ನೇಹಿತರ ವಾದ ಸ್ಪಷ್ಟವಾಗಿತ್ತು. ದೊಡ್ಡ ಯಂತ್ರಗಳಲ್ಲಿ ಲೆಕ್ಕ ಮಾಡುವವರೆಲ್ಲ ಇದನ್ನು ಒಪ್ಪಿಕೊಂಡಿದ್ದಾರೆ, ವೇಗ ಬೇಕಾದರೆ ಇದು ಇರುತ್ತದೆ ಅಂತ. ಗುಣಾಕಾರ ಸಂಕಲನವನ್ನು ಒಂದೇ ಸೂಚನೆಯಲ್ಲಿ ಮಾಡಿದರೂ ಕೊನೆಯ ಅಂಕೆ ಬದಲಾಗುತ್ತದೆ, ಅದನ್ನು ಕೇಳದೆಯೇ ಮಾಡುವ ಕಂಪೈಲರ್‌ಗಳಿವೆ ಅಂತ. ಮೂವರೂ ಕೂತು ಮಾತಾಡಿದೆವು. ಮೇಷ್ಟ್ರು ದನಿ ಏರಿಸಲಿಲ್ಲ. "ನಾಳೆ ಇಲಾಖೆಗೆ ಒಂದು ವರದಿ ಕೊಡ್ತೀನಿ. ಈ ಹೊಲಕ್ಕೆ ನೀರು ಬರುತ್ತೆ, ಆ ಹೊಲಕ್ಕೆ ಬರಲ್ಲ ಅಂತ. ಅದೇ ಇನ್‌ಪುಟ್ ಹಾಕಿ ಇನ್ನೊಬ್ರು ಓಡ್ಸಿದ್ರೆ ಅದೇ ಉತ್ತರ ಬರ್ಬೇಕಲ್ವಾ? ಇಲ್ಲ ಅಂದ್ರೆ ರೈತ ಯಾಕೆ ನಂಬ್ಬೇಕು?"

ಆ ಸಂಜೆ ಕಂಪೈಲರಿನ ಒಂದು ನಿಯಮ ತೀರ್ಮಾನವಾಯಿತು. ಏನೂ ಹೇಳದಿದ್ದರೆ ಕೂಡುವ ಕ್ರಮ ಬರೆದವರದ್ದೇ. ಬಳಸುವವರು ಅನುಮತಿ ಕೊಟ್ಟರೆ, ಅಂಕಿಗಳನ್ನು ಗೊತ್ತಾದ ಅಳತೆಯ ಗುಂಪುಗಳಾಗಿ ಮಾಡಿ ಗೊತ್ತಾದ ಕ್ರಮದಲ್ಲಿ ಕೂಡುವುದು. ಆಗ ಎರಡು ಕೋರ್ ಇರಲಿ, ಹದಿನಾರು ಇರಲಿ, ಉತ್ತರ ಒಂದೇ. ಬೇಕಾದ ಹಾಗೆ ಕೂಡು ಅನ್ನುವುದು ಮೂರನೆಯ ಆಯ್ಕೆ, ಅದನ್ನು ಬಾಯಿಬಿಟ್ಟು ಕೇಳಬೇಕು. ಎರಡನೆಯದನ್ನು ಬರೆದದ್ದು ನನ್ನ ಸ್ನೇಹಿತರೇ, ಬಹಳ ಚೆನ್ನಾಗಿ ಬರೆದರು. ಮೇಷ್ಟ್ರು ಕಂಪೈಲರಿನ ಒಂದು ಸಾಲೂ ಬರೆದಿಲ್ಲ. ಆದರೂ ಬರೆದವರ ಪಟ್ಟಿಯಲ್ಲಿ ಅವರ ಹೆಸರು ಇದೆ, ಇರಲೇಬೇಕು.

ಇನ್ನೊಬ್ಬರು ಸಿಕ್ಕಿದ್ದು ಕುವೆಂಪುನಗರದಲ್ಲಿ, ಪರಿಚಯದವರ ಮನೆಯಲ್ಲಿ. ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ (ಚಿಪ್ ವಿನ್ಯಾಸದಲ್ಲಿ ತಪ್ಪು ಹುಡುಕುವ) ಕೆಲಸ ಮಾಡಿ, ಮಕ್ಕಳು ಚಿಕ್ಕವರು ಅಂತ ಬಿಟ್ಟು ಬಂದಿದ್ದ ಮೇಡಂ. ನಾನು ವೇಗದ ಬಗ್ಗೆ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ: "ನಿಮ್ಮ ಕಂಪೈಲರ್ ತಪ್ಪು ಕೋಡ್ ಕೊಟ್ಟರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಚಿಪ್ ಒಮ್ಮೆ ಅಚ್ಚಾದರೆ ತಿದ್ದಲಾಗದು. ಆ ಕೆಲಸದಿಂದ ಬಂದವರ ಅನುಮಾನವೇ ಬೇರೆ ಮಟ್ಟದ್ದು. 2011ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಅನ್ನುವ ಉಪಕರಣದ ಬಗ್ಗೆ ಬರೆದಿದ್ದರು. ಅದು ಮನಸ್ಸಿಗೆ ಬಂದ ಹಾಗೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳಿಗೆ ಕೊಡುತ್ತದೆ. ಅದರಿಂದ ಜಿಸಿಸಿ, ಎಲ್‌ಎಲ್‌ವಿಎಂ ಸೇರಿ ಹಲವು ಕಂಪೈಲರ್‌ಗಳಲ್ಲಿ 325ಕ್ಕೂ ಹೆಚ್ಚು ಬಗ್‌ಗಳು ಸಿಕ್ಕಿದವು. ಮೇಡಂ ಅದೇ ದಾರಿಯಲ್ಲಿ ಸ್ಟೆನ್ಸಿಲ್ ಲೂಪ್‌ಗಳನ್ನು ಹುಟ್ಟಿಸುವ ಒಂದು ಪ್ರೋಗ್ರಾಂ ಬರೆದರು. ಆಪ್ಟಿಮೈಸ್ ಮಾಡದ ಉತ್ತರವನ್ನೂ ಮಾಡಿದ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಅದಕ್ಕೆ ಸಿಗುವುದೆಲ್ಲ ಅಂಚಿನ ಸಂಗತಿಗಳು: ಒಂದು ಸುತ್ತೂ ಓಡದ ಲೂಪ್, ತುಂಡಿಗಿಂತ ಚಿಕ್ಕ ಅರೇ, ಕೊನೆಯಲ್ಲಿ ಉಳಿಯುವ ಅರ್ಧ ತುಂಡು. ಕೈಯಲ್ಲಿ ಟೆಸ್ಟ್ ಬರೆಯುವವರಿಗೆ ಇವು ಹೊಳೆಯುವುದೇ ಇಲ್ಲ. ಈಗ ರಾತ್ರಿ ಓಡುವ ಈ ಪರೀಕ್ಷೆ ಪಾಸಾಗದೆ ಯಾವ ಬದಲಾವಣೆಯೂ ಒಳಗೆ ಹೋಗುವುದಿಲ್ಲ. ಕೊನೆಯ ಮಾತು ಮೇಡಂ ಅವರದ್ದು.

ಲೈಸೆನ್ಸ್ ವಿಷಯ ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ನಮ್ಮದು ಅಪಾಚೆ 2.0 ಅನ್ನುವ ಮುಕ್ತ ಲೈಸೆನ್ಸ್, ಎಲ್‌ಎಲ್‌ವಿಎಂ ವಿನಾಯಿತಿಯ ಜೊತೆ, ಮುಂದೆ ಉಪಯೋಗವಾಗುವ ಭಾಗಗಳನ್ನು ಎಲ್‌ಎಲ್‌ವಿಎಂನವರಿಗೇ ಕಳಿಸಬಹುದು ಅಂತ. ಕಂಪನಿಯಲ್ಲಿ ಇರುವವರು ಮೊದಲು ಅಲ್ಲಿಂದ ಬರಹದಲ್ಲಿ ಒಪ್ಪಿಗೆ ತರಬೇಕು. ಒಬ್ಬ ಒಳ್ಳೆಯ ಎಂಜಿನಿಯರ್‌ಗೆ ಆ ಒಪ್ಪಿಗೆ ಸಿಗಲಿಲ್ಲ, ಅವರು ಬರಲಾಗಲಿಲ್ಲ. ಬೇಸರವಾಯಿತು. ಆದರೂ ಇದರಲ್ಲಿ ಸಡಿಲ ಬಿಡಬಾರದು.

ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಬಳಸುತ್ತೀರಾ ಅಂತ ಕೆಲವರು ಕೇಳುತ್ತಾರೆ. 2022ರಲ್ಲಿ ಬಂದ ಯಂತ್ರ, 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಈಗಲೇ ಬೇಡ ಅಂತ ನಾವು ತೀರ್ಮಾನಿಸಿದ್ದೇವೆ. ಒಂದು ಸಾಮಾನ್ಯ ಡೆಸ್ಕ್‌ಟಾಪಿನ ಎಂಟು ಕೋರ್‌ಗಳಲ್ಲಿ ಮೆಮೊರಿಗೆ ಕಾಯುತ್ತಾ ನಿಲ್ಲುವ ಲೂಪ್, ಸಾವಿರ ನೋಡ್‌ಗಳಲ್ಲಿ (ಒಟ್ಟಿಗೆ ಜೋಡಿಸಿದ ಯಂತ್ರಗಳು) ಸಾವಿರ ಕಡೆ ನಿಲ್ಲುತ್ತದೆ. ಮೊದಲು ಒಂದು ಯಂತ್ರವನ್ನು ಪೂರ್ತಿ ದುಡಿಸಬೇಕು.

ಸದ್ಯ ಕೈಯಲ್ಲಿರುವುದು ಮೇಷ್ಟ್ರ ಪ್ರೋಗ್ರಾಂನ ಕಷ್ಟದ ಭಾಗ. ಚೌಕದಲ್ಲಿ ನೀರಿದೆಯಾ, ಒಣಗಿದೆಯಾ ಅಂತ ಲೂಪಿನೊಳಗೆ ಒಂದು ಇಫ್ ಇದೆ. ಎವಿಎಕ್ಸ್2 ಅನ್ನುವ ಸೂಚನೆಗಳಿರುವ ಪ್ರಾಸೆಸರ್ 8 ಬೈಟಿನ ನಾಲ್ಕು ಅಂಕಿಗಳ ಮೇಲೆ ಒಟ್ಟಿಗೆ ಕೆಲಸ ಮಾಡುತ್ತದೆ. ನಾಲ್ಕರಲ್ಲಿ ಎರಡು ಒಣ ಚೌಕವಾದರೆ ನಾಲ್ಕಕ್ಕೂ ಲೆಕ್ಕ ಮಾಡಿ, ಬೇಡದ ಎರಡನ್ನು ಬರೆಯದೆ ಬಿಡಬೇಕು. ಪ್ರವಾಹದ ನಕ್ಷೆಯಲ್ಲಿ ಬಹುಪಾಲು ಒಣ ಚೌಕಗಳೇ ಇರುವುದರಿಂದ, ಪೂರ್ತಿ ಒಣಗಿದ ತುಂಡನ್ನು ಹಾರಿಸಿ ಹೋಗುವುದು ಯಾವಾಗ ಲಾಭ ಅಂತಲೂ ನೋಡಬೇಕು. ಮಳವಳ್ಳಿ ಹುಡುಗ ಇದರ ಮೇಲೆ ಕೂತಿದ್ದಾನೆ. ಮೇಷ್ಟ್ರು ಅವನಿಗೆ ಹಳೆಯ ಪ್ರವಾಹದ ಇನ್‌ಪುಟ್ ಫೈಲ್‌ಗಳನ್ನು ಕೊಟ್ಟಿದ್ದಾರೆ.

ಎಂಪಿಐ (ಯಂತ್ರಗಳ ನಡುವೆ ಸಂದೇಶ ಕಳಿಸುವ ವಿಧಾನ) ಬಳಸಿ ಹಲವು ಯಂತ್ರಗಳಿಗೆ ಲೆಕ್ಕ ಹಂಚಿ ಗೊತ್ತಿರುವ ಒಬ್ಬರು ನಮಗೆ ಬೇಕು. ಶಾಖದ ಅಥವಾ ಹವಾಮಾನದ ಪ್ರೋಗ್ರಾಂ ಇರುವವರು ಇನ್ನೊಬ್ಬರು ಬೇಕು, ಒಂದೇ ಪ್ರೋಗ್ರಾಂ ನೋಡಿಕೊಂಡು ಕಂಪೈಲರ್ ಬೆಳೆಸಿದರೆ ಅದು ಆ ಒಂದಕ್ಕೇ ಹೊಂದಿಕೊಂಡುಬಿಡುತ್ತದೆ. ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆದುಕೊಡುವವರು ಬಂದರೆ ಇನ್ನೂ ಒಳ್ಳೆಯದು. ಭಾನುವಾರ ಬೆಳಿಗ್ಗೆ ಸರಸ್ವತಿಪುರಂನಲ್ಲಿ ಸೇರುತ್ತೇವೆ. ಮಂಡ್ಯದವರು ರೈಲಿನಲ್ಲಿ ಬರುತ್ತಾರೆ, ಅವರು ಬಂದ ಮೇಲೇ ಶುರು.